ಟ್ರ್ಯಾಕ್‌ಪ್ಯಾಡ್‌ನ ಆಕಸ್ಮಿಕ ಸ್ಪರ್ಶ ಮತ್ತು ಸ್ಕ್ರೀನ್ ರೀಡರ್ ಬಳಕೆ

ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯ ಈಚೆಗೆ, ಅಂಗೈ ಊರುವ ಪಟ್ಟಿಯ ನಟ್ಟನಡುವೆ ಇರುವ ನುಣುಪು ಚೌಕಕ್ಕೆ ಟ್ರ್ಯಾಕ್‌ಪ್ಯಾಡ್ ಎಂದು ಹೆಸರು. ಆ್ಯಪಲ್‌ನವರು ಟ್ರ್ಯಾಕ್‌ಪ್ಯಾಡ್ ಎನ್ನುತ್ತಾರೆ, ವಿಂಡೋಸ್‌ನವರು ಟಚ್‌ಪ್ಯಾಡ್ ಎನ್ನುತ್ತಾರೆ, ವಸ್ತು ಒಂದೇ. ಪರದೆಯ ಮೇಲಿನ ಪಾಯಿಂಟರನ್ನು ಬೆರಳಿನಿಂದ ಓಡಾಡಿಸುವುದಕ್ಕೆ ಅದು ಇರುವುದು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ನೆರವಿನಿಂದ ಕೆಲಸ ಮಾಡುವ ಅಂಧರಿಗೆ ಪಾಯಿಂಟರಿನ ಹಂಗಿಲ್ಲ. ಟ್ಯಾಬ್, ಬಾಣದ ಕೀಲಿಗಳು, ಕಂಟ್ರೋಲ್, ಆಲ್ಟ್: ಇಷ್ಟರಲ್ಲೇ ಅವರ ವ್ಯವಹಾರ ಮುಗಿಯುತ್ತದೆ. ಆದರೆ ಅವರು ಬಳಸಲಿ ಬಿಡಲಿ, ಚೌಕ ಮಾತ್ರ ಸದಾ ಎಚ್ಚರವಾಗಿರುತ್ತದೆ. ಹೆಬ್ಬೆರಳಿನ ಬುಡ ಸವರಿದರೂ ಅದು ಆಜ್ಞೆಯೆಂದೇ ತಿಳಿಯುತ್ತದೆ. ಈ ಬೇಡದ ಸ್ಪರ್ಶದ ಸ್ವರೂಪ, ಅದರ ಕಾರಣ ಮತ್ತು ಅದನ್ನು ತಡೆಯುವ ಉಪಾಯಗಳು ಈ ಲೇಖನದ ವಸ್ತು.

ಸ್ವರೂಪ

ಕಣ್ಣಿದ್ದವರ ಅಂಗೈಯೂ ಟ್ರ್ಯಾಕ್‌ಪ್ಯಾಡಿಗೆ ತಾಗುತ್ತದೆ. ಕರ್ಸರ್ ಎಲ್ಲಿಗೋ ಹಾರಿದ್ದು ತಕ್ಷಣ ಕಾಣುವುದರಿಂದ ಅವರು ಗೊಣಗಿಕೊಂಡು ಸರಿಪಡಿಸಿಕೊಳ್ಳುತ್ತಾರೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಸುಳಿವು ಸಿಗುವುದಿಲ್ಲ. ಪತ್ರದ ನಾಲ್ಕನೆಯ ಸಾಲನ್ನು ಟೈಪ್ ಮಾಡುತ್ತಿರುವಾಗ ಒಂದು ಹುಸಿ ಕ್ಲಿಕ್ ಬಿದ್ದರೆ ಐದನೆಯ ಸಾಲು ಎರಡನೆಯ ಸಾಲಿನ ನಡುವೆ ಹೋಗಿ ಕೂರುತ್ತದೆ. ಒತ್ತಿದ ಅಕ್ಷರವನ್ನು ತಂತ್ರಾಂಶ ಉಚ್ಚರಿಸುತ್ತಲೇ ಇರುವುದರಿಂದ ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಬರೆದದ್ದನ್ನು ಮೊದಲಿನಿಂದ ಓದಿಸಿಕೊಂಡಾಗಲೇ ಎಡವಟ್ಟು ತಿಳಿಯುವುದು. ಎರಡು ಸಲ ಬಡಿದು ಎಳೆದಂತಾದರೆ ಒಂದಿಷ್ಟು ಪಠ್ಯ ಆಯ್ಕೆಯಾಗಿಬಿಡುತ್ತದೆ. ಮುಂದೆ ಒತ್ತುವ ಮೊದಲ ಅಕ್ಷರ ಆ ಭಾಗವನ್ನೆಲ್ಲ ಅಳಿಸಿ ಅದರ ಜಾಗದಲ್ಲಿ ತಾನು ನಿಲ್ಲುತ್ತದೆ. ಕನ್ನಡದಲ್ಲಿ ಟೈಪ್ ಮಾಡುವಾಗ ಪದದ ನಡುವೆ ಕರ್ಸರ್ ಸಿಕ್ಕಿಕೊಂಡರೆ ಒತ್ತಕ್ಷರವೊಂದು ಬೇರೆಯ ವ್ಯಂಜನಕ್ಕೆ ಅಂಟಿಕೊಳ್ಳುವುದೂ ಉಂಟು. ಆಗ ಸ್ಕ್ರೀನ್ ರೀಡರ್ ಓದುವುದು ಯಾವ ಭಾಷೆಯೆಂದೇ ತಿಳಿಯದು.

ಕ್ಲಿಕ್ಕಿಗಿಂತ ಕಾಟ ಕೊಡುವುದು ಬಹುಬೆರಳಿನ ಸನ್ನೆಗಳು. ವಿಂಡೋಸ್‌ನಲ್ಲಿ ಮೂರು ಬೆರಳು ಕೆಳಗೆ ಎಳೆದರೆ ತೆರೆದ ಕಿಟಕಿಗಳೆಲ್ಲ ಮರೆಯಾಗಿ ಡೆಸ್ಕ್‌ಟಾಪ್ ಕಾಣುತ್ತದೆ. ಮೇಲಕ್ಕೆ ಎಳೆದರೆ ಕಿಟಕಿಗಳ ಪಟ್ಟಿ ಬರುತ್ತದೆ. ಎರಡು ಬೆರಳಿನಿಂದ ಬಡಿದರೆ ಬಲ ಕ್ಲಿಕ್ಕಿನ ಮೆನು ತೆರೆಯುತ್ತದೆ. ಎರಡು ಬೆರಳು ಹಿಗ್ಗಿಸಿದರೆ ಬ್ರೌಸರಿನ ಪುಟ ದೊಡ್ಡದಾಗುತ್ತದೆ. ಈ ಕೊನೆಯದು ಅಂಧ ಬಳಕೆದಾರರಿಗೆ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಪಕ್ಕದವರು ಬಂದು, ಇದೇನು ಅಕ್ಷರ ಇಷ್ಟು ದಪ್ಪ ಎಂದು ಕೇಳಿದಾಗಲೇ ವಿಷಯ ಹೊರಬೀಳುವುದು.

ಅಂಗೈಪಟ್ಟಿಯ ಹುಟ್ಟು

ತೊಂದರೆಯ ಬೇರು ಲ್ಯಾಪ್‌ಟಾಪಿನ ಆಕಾರದಲ್ಲಿಯೇ ಇದೆ. ಡಾಸ್ ಕಾಲದ ಮಡಿಲಗಣಕಗಳಲ್ಲಿ ಕೀಲಿಮಣೆ ಸಾಮಾನ್ಯವಾಗಿ ಮುಂದಂಚಿಗೆ ಹೊಂದಿಕೊಂಡೇ ಇರುತ್ತಿತ್ತು. ಪಾಯಿಂಟರ್ ಬೇಕಾಗಿರಲಿಲ್ಲ, ಅದರ ಸಾಧನವೂ ಬೇಕಾಗಿರಲಿಲ್ಲ. 1991ರಲ್ಲಿ ಆ್ಯಪಲ್ ಹೊರತಂದ ಪವರ್‌ಬುಕ್ ಸರಣಿ ಕೀಲಿಮಣೆಯನ್ನು ಪರದೆಯ ಕಡೆಗೆ ಹಿಂದೂಡಿ, ಮುಂದೆ ಅಂಗೈ ಊರಲು ಜಾಗ ಬಿಟ್ಟು, ನಡುವೆ ಒಂದು ಉರುಳುಗುಂಡನ್ನು ಕೂರಿಸಿತು. ಗುಂಡು ತಾನಾಗಿ ಉರುಳುವುದು ಅಪರೂಪ. ಹಾಗಾಗಿ ಅಂಗೈಗೂ ಅದಕ್ಕೂ ಜಗಳವಿರಲಿಲ್ಲ. 1988ರಲ್ಲಿ ಜಾರ್ಜ್ ಗೆರ್ಫೈಡ್ ರೂಪಿಸಿದ ಸ್ಪರ್ಶಫಲಕದ ತಂತ್ರ 1994ರ ಪವರ್‌ಬುಕ್ 500 ಸರಣಿಯಲ್ಲಿ ಆ ಗುಂಡಿನ ಜಾಗಕ್ಕೆ ಬಂತು. ಅಂಗೈ ಊರುವುದಕ್ಕೆಂದೇ ಬಿಟ್ಟ ಜಾಗದಲ್ಲಿ ಮುಟ್ಟಿದರೆ ಮುನಿಯುವ ಫಲಕ ಬಂದು ಕೂತಿತು. ಇಂದಿಗೂ ಲ್ಯಾಪ್‌ಟಾಪುಗಳು ಅದೇ ಅಚ್ಚಿನಲ್ಲಿ ಬರುತ್ತಿವೆ.

ಐಬಿಎಂ ಕಂಪನಿ ಬೇರೆ ದಾರಿ ಹಿಡಿದಿತ್ತು. 1992ರ ಥಿಂಕ್‌ಪ್ಯಾಡ್ 700ಸಿ ಯಂತ್ರದಲ್ಲಿ ಟೆಡ್ ಸೆಲ್ಕರ್ ಅವರ ಟ್ರ್ಯಾಕ್‌ಪಾಯಿಂಟ್ ಬಂತು: ಜಿ, ಹೆಚ್, ಬಿ ಕೀಲಿಗಳ ನಡುವೆ ಒಂದು ಕೆಂಪು ಮೊಳಕೆ. ಒತ್ತಿ ತಳ್ಳಿದರೆ ಮಾತ್ರ ಅದು ಪಾಯಿಂಟರನ್ನು ಸರಿಸುತ್ತದೆ, ಸವರಿದರೆ ಸುಮ್ಮನಿರುತ್ತದೆ. 2008ರ ಥಿಂಕ್‌ಪ್ಯಾಡ್ ಎಕ್ಸ್200 ಮಾದರಿಯಲ್ಲಿ ಸ್ಪರ್ಶಫಲಕವೇ ಇರಲಿಲ್ಲ. ಸ್ಕ್ರೀನ್ ರೀಡರ್ ಬಳಸುವವರ ಮಟ್ಟಿಗೆ ಅಂಥದ್ದೇ ಆದರ್ಶ ಲ್ಯಾಪ್‌ಟಾಪ್ ಎನ್ನಬಹುದು. ಮಾರುಕಟ್ಟೆ ನಡೆದದ್ದು ತದ್ವಿರುದ್ಧ ದಿಕ್ಕಿಗೆ. 2008ರಲ್ಲಿ ಆ್ಯಪಲ್ ಪ್ರತ್ಯೇಕ ಗುಂಡಿಯನ್ನು ತೆಗೆದು ಇಡೀ ಗಾಜಿನ ಫಲಕವನ್ನೇ ಗುಂಡಿಯಾಗಿಸಿತು. 2016ರ 15 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಫಲಕದ ವಿಸ್ತಾರ ಹಿಂದಿನದಕ್ಕಿಂತ ಎರಡು ಪಟ್ಟಾಯಿತು. ಉಳಿದ ತಯಾರಕರೂ ಅದೇ ಹಾದಿ ತುಳಿದರು. ಅಂಗೈಗೆ ಉಳಿದ ಜಾಗ ಕಿರಿದಾಯಿತು.

ತಡೆ ಏಕೆ ಸೋಲುತ್ತದೆ

ಫಲಕದ ಅಡಿಯಲ್ಲಿ ವಿದ್ಯುದ್ವಾರಗಳ ಒಂದು ಜಾಲರಿ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಧಾರಣೆ ತುಸು ಬದಲಾಗುತ್ತದೆ. ಎಲ್ಲಿ, ಎಷ್ಟು ಬದಲಾಯಿತು ಎಂಬ ಲೆಕ್ಕದಿಂದ ಬೆರಳಿನ ಸ್ಥಾನ ಗೊತ್ತಾಗುತ್ತದೆ. ಒತ್ತಡ ಬೇಕಿಲ್ಲ, ಸಾಮೀಪ್ಯ ಸಾಕು. ಕರಾವಳಿಯ ಬೇಸಗೆಯಲ್ಲಿ ಬೆವರಿದ ಅಂಗೈಯಿಂದ ಬಿದ್ದ ಹನಿಯೂ ಒಮ್ಮೊಮ್ಮೆ ಬೆರಳೆಂದು ಎಣಿಕೆಯಾಗುತ್ತದೆ. ಭೂಸಂಪರ್ಕ ಸರಿಯಿಲ್ಲದ ಪ್ಲಗ್ಗಿಗೆ ಚಾರ್ಜರ್ ಹಾಕಿದಾಗ ಪಾಯಿಂಟರ್ ನಡುಗುವುದಕ್ಕೂ ಇದೇ ಜಾಲರಿಗೆ ತಗಲುವ ವಿದ್ಯುತ್ ಗದ್ದಲ ಕಾರಣ.

ತಯಾರಕರು ಇದಕ್ಕೆ ಪರಿಹಾರ ಮಾಡಿಲ್ಲವೆಂದಲ್ಲ. ಅಗಲವಾದ ಸ್ಪರ್ಶವನ್ನು ಅಂಗೈ ಎಂದು ಗುರುತಿಸಿ ಕಡೆಗಣಿಸುವುದು ಒಂದು ಕ್ರಮ. ಟೈಪ್ ಮಾಡುತ್ತಿರುವಷ್ಟು ಹೊತ್ತು, ಅದು ನಿಂತ ಮೇಲೆ ಇನ್ನೂ ಕ್ಷಣಕಾಲ, ಫಲಕವನ್ನು ಮಲಗಿಸುವುದು ಇನ್ನೊಂದು. ಎರಡನೆಯದು ಕೇಳಲು ಸೊಗಸಾಗಿದೆ. ಆದರೆ ಟೈಪ್ ಮಾಡುವುದು ಎಂದರೆ ಯಾವುದು? ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಅದರಲ್ಲಿ ಉತ್ತರವನ್ನು ನೇರವಾಗಿ ಓದಬಹುದು. ಅಕ್ಷರ, ಅಂಕಿ ಮುಂತಾದ ಟೈಪ್‌ರೈಟರಿನ ಕೀಲಿಗಳು ಮಾತ್ರ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಕಂಟ್ರೋಲ್, ಆಲ್ಟ್, ಶಿಫ್ಟ್, ಕ್ಯಾಪ್ಸ್ ಲಾಕ್, ಟ್ಯಾಬ್ ಬರುವುದಿಲ್ಲ. ಬಾಣದ ಕೀಲಿಗಳು, ಎಫ್ ಸಾಲಿನ ಕೀಲಿಗಳು, ನಂಬರ್ ಪ್ಯಾಡ್ ಕೂಡ ಬರುವುದಿಲ್ಲ. ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವವರಿಗೆ ಅಡಚಣೆಯಾಗಬಾರದು ಎಂಬುದು ಇದರ ಹಿಂದಿನ ತರ್ಕ, ಕಣ್ಣಿದ್ದವರಿಗೆ ಅದು ಒಪ್ಪುವ ತರ್ಕವೇ.

ಆ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಬಿಟ್ಟುಬಿಟ್ಟ ಕೀಲಿಗಳೇ ಸ್ಕ್ರೀನ್ ರೀಡರಿನ ಕೀಲಿಗಳು. ಕೆಳಬಾಣ ಒತ್ತುತ್ತ ಸಾಲುಸಾಲಾಗಿ ಲೇಖನ ಓದಿಸಿಕೊಳ್ಳುವವರು, ಟ್ಯಾಬ್ ಒತ್ತುತ್ತ ಅರ್ಜಿ ತುಂಬುವವರು, ಕ್ಯಾಪ್ಸ್ ಲಾಕ್ ಹಿಡಿದು ಆಜ್ಞೆ ಕೊಡುವವರು ಆ ಲೆಕ್ಕದ ಪ್ರಕಾರ ಏನೂ ಮಾಡುತ್ತಿಲ್ಲ; ಅವರ ಅಂಗೈ ತಾಗಿದರೆ ಫಲಕ ಎಚ್ಚರವಾಗಿಯೇ ಇರುತ್ತದೆ. ರಕ್ಷಣೆ ಇದೆ, ಆದರೆ ಅದನ್ನು ಅಳೆದು ಹೊಲಿದದ್ದು ಬೇರೆಯವರ ಮೈಗೆ. ಅಂಧರು ಹೆಚ್ಚು ಎಚ್ಚರ ವಹಿಸಬೇಕು ಎಂಬ ಉಪದೇಶ ಅರ್ಥಹೀನವಾಗುವುದು ಇಲ್ಲಿಯೇ.

ಕೈಯ ನಡೆಯೂ ಬೇರೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗೆರೆಯನ್ನು ಹುಡುಕುತ್ತ ಕೈ ಮುಂದಂಚಿನಿಂದ ಮೇಲಕ್ಕೆ ಸರಿಯುತ್ತದೆ, ದಾರಿಯಲ್ಲಿ ಫಲಕವನ್ನು ದಾಟುತ್ತದೆ. ಬ್ರೈಲ್ ಡಿಸ್‌ಪ್ಲೇ ಬಳಸುವವರು ಅದನ್ನು ಲ್ಯಾಪ್‌ಟಾಪಿನ ಮುಂದೆಯೇ ಇಟ್ಟುಕೊಳ್ಳುತ್ತಾರೆ. ಕೀಲಿಮಣೆಯಿಂದ ಬ್ರೈಲ್ ಸಾಲಿಗೆ, ಅಲ್ಲಿಂದ ಮರಳಿ ಕೀಲಿಮಣೆಗೆ, ಪ್ರತಿ ಸಲವೂ ಕೈ ಹಾಯುವುದು ಟ್ರ್ಯಾಕ್‌ಪ್ಯಾಡಿನ ಮೇಲಿನಿಂದಲೇ.

ಸ್ಕ್ರೀನ್ ರೀಡರುಗಳಲ್ಲಿ ಏನಿದೆ

ಟೆಡ್ ಹೆಂಟರ್ ಅವರ ಕಂಪನಿ 1989ರಲ್ಲಿ ಡಾಸ್‌ಗಾಗಿ ತಂದ ಜಾಸ್, ವಿಂಡೋಸ್‌ಗೆ ಬಂದ ಮೇಲೆ ಜಾಸ್ ಕರ್ಸರ್ ಎಂಬುದನ್ನು ಮೌಸ್ ಪಾಯಿಂಟರಿಗೇ ಕಟ್ಟಿತು. ಹೀಗಾಗಿ ಅದರಿಂದ ಪರದೆಯನ್ನು ತಡಕುತ್ತಿರುವಾಗ ಫಲಕಕ್ಕೆ ಕೈ ತಾಗಿದರೆ ತಡಕುತ್ತಿದ್ದ ಜಾಗವೇ ತಪ್ಪಿಹೋಗುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಆರಂಭಿಸಿದ, ಉಚಿತವಾಗಿ ಸಿಗುವ ಎನ್‌ವಿಡಿಎ ಪಾಯಿಂಟರಿನ ಕೆಳಗಿರುವ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಕೊಡುತ್ತದೆ. ಕೈ ತಾಗಿದಾಗಲೆಲ್ಲ ಸಂಬಂಧವಿಲ್ಲದ ಪದಗಳು ಮಾತಿನ ನಡುವೆ ನುಗ್ಗುವುದು ಇದರಿಂದಲೇ. ಆಜ್ಞೆಗಳಿಗೆಂದು ಎನ್‌ವಿಡಿಎ ಕಾದಿರಿಸಿಕೊಂಡ ಕೀಲಿಯೊಡನೆ ಎಂ ಒತ್ತಿದರೆ ಈ ಓದು ನಿಲ್ಲುತ್ತದೆ.

ಅನೇಕರು ಇಲ್ಲಿಗೇ ತೃಪ್ತರಾಗುತ್ತಾರೆ. ಅದು ತಪ್ಪು. ನಿಂತದ್ದು ಮಾತು ಮಾತ್ರ, ಕ್ಲಿಕ್ ಅಲ್ಲ. ಮೊದಲು ಬಡಬಡಿಸಿ ಎಚ್ಚರಿಸುತ್ತಿದ್ದ ಫಲಕ ಈಗ ಸದ್ದಿಲ್ಲದೆ ಕೆಡಿಸುತ್ತದೆ. ಫಲಕವನ್ನೇ ಆರಿಸಲು ಸಾಧ್ಯವಿಲ್ಲದ ಕಡೆ, ಉದಾಹರಣೆಗೆ ಕಚೇರಿಯ ಯಂತ್ರದಲ್ಲಿ, ಈ ಓದನ್ನು ಉಳಿಸಿಕೊಳ್ಳುವುದೇ ಜಾಣತನ. ಕಿರಿಕಿರಿಯಾದರೂ ಅದೊಂದು ಕಾವಲು. ಲಿನಕ್ಸ್‌ನ ಆರ್ಕಾದಲ್ಲಿಯೂ, ಮ್ಯಾಕ್‌ನ ವಾಯ್ಸ್‌ಓವರ್‌ನಲ್ಲಿಯೂ ಪಾಯಿಂಟರಿನ ಕೆಳಗಿನದನ್ನು ಓದಿಸುವ ಆಯ್ಕೆ ಇದೆ.

ವಿಂಡೋಸ್

ವಿಂಡೋಸ್ 10 ಮತ್ತು 11ರಲ್ಲಿ ಬಹುತೇಕ ಲ್ಯಾಪ್‌ಟಾಪುಗಳ ಫಲಕವನ್ನು ಸೆಟ್ಟಿಂಗ್ಸ್‌ನಿಂದಲೇ ಆರಿಸಬಹುದು. ವಿಂಡೋಸ್ ಕೀಲಿ ಮತ್ತು ಐ ಒತ್ತಿ, ಹುಡುಕು ಪೆಟ್ಟಿಗೆಯಲ್ಲಿ ಟಚ್‌ಪ್ಯಾಡ್ ಎಂದು ಟೈಪ್ ಮಾಡಿ, ಸಿಕ್ಕ ಪುಟದ ಮೊದಲ ಸ್ವಿಚ್ಚನ್ನು ಸ್ಪೇಸ್ ಕೀಲಿಯಿಂದ ಆಫ್ ಮಾಡಿದರೆ ಮುಗಿಯಿತು. ಸ್ಕ್ರೀನ್ ರೀಡರ್ ಈ ಪುಟವನ್ನು ಚೆನ್ನಾಗಿ ಓದುತ್ತದೆ. ಹಳೆಯ ಯಂತ್ರಗಳಲ್ಲಿ ಸಿನಾಪ್ಟಿಕ್ಸ್ ಅಥವಾ ಎಲಾನ್ ಕಂಪನಿಯ ಚಾಲಕ ತಂತ್ರಾಂಶ ಇರುತ್ತದೆ. ಅವುಗಳ ಆಯ್ಕೆಗಳು ಕಂಟ್ರೋಲ್ ಪ್ಯಾನೆಲ್‌ನ ಮೌಸ್ ಕಿಟಕಿಯಲ್ಲಿ, ಕೊನೆಯ ಟ್ಯಾಬಿನಲ್ಲಿ ಸಿಗುತ್ತವೆ.

ಅದೇ ಪುಟದಲ್ಲಿ, ಮೌಸ್ ಜೋಡಿಸಿದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಎಂಬ ಅರ್ಥದ ಒಂದು ಗುರುತುಪೆಟ್ಟಿಗೆ ಇದೆ. ಅದರ ಗುರುತನ್ನು ತೆಗೆದರೆ ಮೌಸ್ ಜೋಡಿಸಿದೊಡನೆ ಫಲಕ ಮಲಗುತ್ತದೆ. ಸ್ಕ್ರೀನ್ ರೀಡರ್ ಬಳಗದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಉಪಾಯ ಹುಟ್ಟಿದ್ದು ಇದರಿಂದಲೇ: ವೈರ್‌ಲೆಸ್ ಮೌಸಿನ ಉಗುರಿನಷ್ಟು ದೊಡ್ಡ ಯುಎಸ್‌ಬಿ ರಿಸೀವರನ್ನು ಮಾತ್ರ ಸಿಕ್ಕಿಸಿಟ್ಟು, ಮೌಸನ್ನು ಪೆಟ್ಟಿಗೆಯಲ್ಲೇ ಬಿಡುವುದು. ಯಂತ್ರಕ್ಕೆ ಮೌಸ್ ಇದೆ ಎಂಬ ನಂಬಿಕೆ, ಫಲಕಕ್ಕೆ ನಿದ್ದೆ. ಕಣ್ಣಿದ್ದವರು ಯಂತ್ರ ಕೇಳಿದರೆ ರಿಸೀವರ್ ಕಿತ್ತುಕೊಟ್ಟರಾಯಿತು, ಸೆಟ್ಟಿಂಗ್ಸ್ ಹುಡುಕುವ ಗೋಜಿಲ್ಲ. ಇಷ್ಟು ಸರಳವಾದ, ಬೆರಳಿಗೇ ಸಿಗುವ ಈ ಸ್ವಿಚ್ಚು ತಯಾರಕರು ಯೋಚಿಸಿ ಕೊಟ್ಟದ್ದಲ್ಲ.

ಪೂರ್ತಿ ಆರಿಸಲು ಮನಸ್ಸಿಲ್ಲದವರು ಬಡಿತದ ಕ್ಲಿಕ್, ಎರಡು ಬೆರಳಿನ ಸನ್ನೆ, ಮೂರು ಮತ್ತು ನಾಲ್ಕು ಬೆರಳಿನ ಸನ್ನೆಗಳನ್ನು ಒಂದೊಂದಾಗಿ ತೆಗೆಯಬಹುದು. ಆಗ ಫಲಕವನ್ನು ಅದುಮಿದರೆ ಮಾತ್ರ ಕ್ಲಿಕ್ ಆಗುತ್ತದೆ, ಹಾನಿಯ ಬಹುಭಾಗ ಅಷ್ಟರಿಂದಲೇ ತಪ್ಪುತ್ತದೆ. ಸಂವೇದನೆಯ ಮಟ್ಟವನ್ನು ಕನಿಷ್ಠಕ್ಕೆ ಇಳಿಸಿದರೆ ಕೀಲಿ ಒತ್ತಿದ ನಂತರ ಫಲಕ ಎಚ್ಚರಗೊಳ್ಳಲು ಹಿಡಿಯುವ ಅವಧಿ ತುಸು ಹೆಚ್ಚುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಫಲಕದ ಸಾಧನವನ್ನೇ ನಿಷ್ಕ್ರಿಯಗೊಳಿಸುವ ಮಾರ್ಗವೂ ಇದೆ. ಒಂದೇ ರೀತಿಯ ಹೆಸರಿನ ಹಲವು ಸಾಧನಗಳು ಅಲ್ಲಿ ಸಾಲಾಗಿ ಇರುವುದರಿಂದ ತಪ್ಪಿ ಬೇರೊಂದನ್ನು ಆರಿಸಿಬಿಡುವ ಅಪಾಯವಿದೆ. ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಅಲ್ಲಿಗೆ ಹೋಗಬೇಕು.

ಮ್ಯಾಕ್

ವಾಯ್ಸ್‌ಓವರ್ 2005ರಲ್ಲಿ ಟೈಗರ್ ಆವೃತ್ತಿಯೊಂದಿಗೆ ಬಂತು. ಅಂದಿನಿಂದ ಮ್ಯಾಕ್ ಕೊಂಡವರೆಲ್ಲರಿಗೂ ಸ್ಕ್ರೀನ್ ರೀಡರ್ ಜೊತೆಯಲ್ಲೇ ಸಿಗುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಪಾಯಿಂಟರ್ ಕಂಟ್ರೋಲ್ ತೆರೆದರೆ, ಹೊರಗಿನ ಮೌಸ್ ಅಥವಾ ವೈರ್‌ಲೆಸ್ ಟ್ರ್ಯಾಕ್‌ಪ್ಯಾಡ್ ಇದ್ದಾಗ ಯಂತ್ರದ ಟ್ರ್ಯಾಕ್‌ಪ್ಯಾಡನ್ನು ಕಡೆಗಣಿಸು ಎಂಬ ಆಯ್ಕೆ ಸಿಗುತ್ತದೆ. ರಿಸೀವರಿನ ಉಪಾಯ ಇಲ್ಲಿಯೂ ಇದರ ಜೊತೆ ಬಳಕೆಯಲ್ಲಿದೆ. ಮೌಸ್ ಕೀಸ್ ಆನ್ ಇರುವಾಗ ಟ್ರ್ಯಾಕ್‌ಪ್ಯಾಡ್ ಕಡೆಗಣಿಸುವ ಇನ್ನೊಂದು ಆಯ್ಕೆಯನ್ನೂ ಕೆಲವರು ಸೂಚಿಸುತ್ತಾರೆ. ಅದರ ಬೆಲೆ ದುಬಾರಿ: ನಂಬರ್ ಪ್ಯಾಡ್ ಇಲ್ಲದ ಮ್ಯಾಕ್‌ಬುಕ್ಕಿನಲ್ಲಿ ಮೌಸ್ ಕೀಸ್ ಆನ್ ಆದರೆ ಯು, ಓ, ಜೆ, ಕೆ, ಎಲ್ ಕೀಲಿಗಳು ಅಕ್ಷರ ಮೂಡಿಸುವುದನ್ನು ಬಿಟ್ಟು ಪಾಯಿಂಟರ್ ಓಡಿಸತೊಡಗುತ್ತವೆ. ಓದುವ ಕೆಲಸಕ್ಕೆ ಸರಿ, ಬರೆಯುವುದಕ್ಕೆ ಆಗದು.

ಟ್ರ್ಯಾಕ್‌ಪ್ಯಾಡನ್ನು ವೈರಿಯೆಂದು ನೋಡದೆ ಒಲಿಸಿಕೊಳ್ಳುವ ಯತ್ನವೂ ಮ್ಯಾಕ್‌ನಲ್ಲೇ ನಡೆದಿದೆ. 2009ರ ಸ್ನೋ ಲೆಪರ್ಡ್ ಆವೃತ್ತಿಯಲ್ಲಿ ಟ್ರ್ಯಾಕ್‌ಪ್ಯಾಡ್ ಕಮಾಂಡರ್ ಬಂತು. ಕಂಟ್ರೋಲ್ ಮತ್ತು ಆಪ್ಷನ್ ಹಿಡಿದು ಎರಡು ಬೆರಳನ್ನು ಪ್ರದಕ್ಷಿಣೆಯಾಗಿ ತಿರುಗಿಸಿದರೆ ಅದು ಆನ್, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಆಫ್. ಆನ್ ಇರುವಾಗ ಫಲಕವು ಐಫೋನಿನ ಪರದೆಯಂತೆ ವರ್ತಿಸುತ್ತದೆ; ಬೆರಳು ಎಲ್ಲಿಟ್ಟರೆ ಅಲ್ಲಿರುವುದನ್ನು ಓದುತ್ತದೆ. ಇದರಿಂದ ಆಕಸ್ಮಿಕ ಸ್ಪರ್ಶ ನಿಲ್ಲುವುದಿಲ್ಲ, ಆದರೆ ಅದರ ಫಲ ಬದಲಾಗುತ್ತದೆ. ಹುಸಿ ಕ್ಲಿಕ್ಕಿನ ಬದಲು ವಾಯ್ಸ್‌ಓವರ್ ಕರ್ಸರ್ ಜಿಗಿಯುತ್ತದೆ, ಜಿಗಿದದ್ದನ್ನು ಬಾಯಿಬಿಟ್ಟು ಹೇಳುತ್ತದೆ. ಐಫೋನಿನಿಂದ ಮ್ಯಾಕ್‌ಗೆ ಬಂದವರು ಇದನ್ನು ಮೆಚ್ಚುತ್ತಾರೆ. ಕೀಲಿಮಣೆಯಲ್ಲೇ ಪಳಗಿದವರಿಗೆ ಇದೂ ಒಂದು ಕಾಟ.

ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಫಲಕವನ್ನು ಸದಾ ಆರಿಸಿಡುವ ಆಯ್ಕೆಯೂ, ಹೊರಗಿನ ಮೌಸ್ ಇದ್ದಾಗ ಮಾತ್ರ ಆರಿಸುವ ಆಯ್ಕೆಯೂ ಇವೆ. ಆರಿಸುವ ಆಜ್ಞೆಯನ್ನೊಂದು ಕೀಲಿಜೋಡಿಗೆ ಕಟ್ಟಿಕೊಳ್ಳುವುದೂ ಕಷ್ಟವಲ್ಲ.

ಮಾತಿಲ್ಲದ ಸ್ವಿಚ್ಚುಗಳು

ಅನೇಕ ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಲಿಯೊಡನೆ ಎಫ್ ಸಾಲಿನ ಒಂದು ಕೀಲಿ ಒತ್ತಿದರೆ ಫಲಕ ಆರುತ್ತದೆ. ಯಾವ ಕೀಲಿ ಎಂಬುದು ಮಾದರಿಗೊಂದರಂತೆ ಬೇರೆ. ಹಲವು ಯಂತ್ರಗಳಲ್ಲಿ ಈ ಕೆಲಸ ನಡೆಯುವುದು ಸ್ಕ್ರೀನ್ ರೀಡರಿಗೆ ಸುದ್ದಿ ತಲುಪದ ಮಟ್ಟದಲ್ಲಿ. ಪರದೆಯ ಮೂಲೆಯಲ್ಲಿ ಚಿತ್ರವೊಂದು ಮಿಂಚಿ ಮಾಯವಾಗುತ್ತದೆ, ಇಲ್ಲವೆ ಸಣ್ಣ ದೀಪವೊಂದು ಹೊತ್ತುತ್ತದೆ. ಆರಿತೋ ಹೊತ್ತಿತೋ ತಿಳಿಯಲು ಅಂಧರು ಎನ್‌ವಿಡಿಎಯ ಪಾಯಿಂಟರ್ ಓದನ್ನು ಆನ್ ಮಾಡಿ, ಫಲಕದ ಮೇಲೆ ಬೆರಳಾಡಿಸಿ, ಮಾತು ಬರುತ್ತದೆಯೇ ಎಂದು ಕೇಳಿ ನೋಡಬೇಕು. ಕೆಲವು ಹಳೆಯ ಮಾದರಿಗಳಲ್ಲಿ ಫಲಕದ ಎಡ ಮೇಲ್ಮೂಲೆಯನ್ನು ಎರಡು ಸಲ ಬಡಿದರೆ ಅದು ಆರುತ್ತಿತ್ತು. ಮತ್ತೆ ಬಡಿದರೆ ಹೊತ್ತುತ್ತಿತ್ತು. ಅರಿವಿಲ್ಲದ ಸ್ಪರ್ಶವನ್ನು ತಡೆಯಲು ಅರಿವಿಲ್ಲದೆ ತಾಗಬಹುದಾದ ಜಾಗದಲ್ಲೇ ಸ್ವಿಚ್ ಇಟ್ಟ ಜಾಣ್ಮೆ ಅದು.

ಯಂತ್ರ ಹೊತ್ತುವ ಮುನ್ನ ತೆರೆಯುವ ಬಯಾಸ್ ಪರದೆಯಲ್ಲಿ ಫಲಕವನ್ನು ಶಾಶ್ವತವಾಗಿ ನಿಲ್ಲಿಸುವ ಆಯ್ಕೆ ಥಿಂಕ್‌ಪ್ಯಾಡ್ ಮುಂತಾದವುಗಳಲ್ಲಿ ಇದೆ. ಎಲ್ಲಕ್ಕಿಂತ ಗಟ್ಟಿಯಾದ ಪರಿಹಾರ ಇದೇ. ಅಪ್‌ಡೇಟ್ ಬಂದರೂ ಅಲುಗುವುದಿಲ್ಲ. ಆದರೆ ಆ ಹೊತ್ತಿಗೆ ಸ್ಕ್ರೀನ್ ರೀಡರ್ ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಕಣ್ಣಿದ್ದವರೊಬ್ಬರು ಪಕ್ಕದಲ್ಲಿ ಕೂರಬೇಕು.

ಮುಚ್ಚಿಡುವುದು

ತಂತ್ರಾಂಶದ ಗೊಡವೆಯೇ ಬೇಡವೆನ್ನುವವರು ಫಲಕದ ಅಳತೆಗೆ ದಪ್ಪ ರಟ್ಟನ್ನು ಕತ್ತರಿಸಿ ಅಂಟಿಸುತ್ತಾರೆ. ತೆಳು ಕಾಗದ ಸಾಲದು, ಬೆರಳಿನ ಪ್ರಭಾವ ಅದನ್ನು ದಾಟುತ್ತದೆ. ಲೋಹದ ಹಾಳೆಯಂತೂ ಕೂಡದು, ಅದೇ ಹುಸಿ ಸ್ಪರ್ಶ ಹುಟ್ಟಿಸಬಹುದು. ರಟ್ಟಿನ ಅಂಚು ಬೆರಳಿಗೆ ಗಡಿಗೆರೆಯಾಗಿಯೂ ಒದಗುತ್ತದೆ. ಒಂದೇ ಎಚ್ಚರಿಕೆ: ಮುಚ್ಚಳಕ್ಕೂ ಕೀಲಿಮಣೆಗೂ ನಡುವಿನ ಅಂತರ ಕೂದಲೆಳೆಯಷ್ಟು, ರಟ್ಟು ತೆಗೆಯದೆ ಮುಚ್ಚಿದರೆ ಪರದೆ ಬಿರುಕು ಬಿಡಬಹುದು. ಮೇಜಿನ ಮೇಲೆ ಕೆಲಸ ಮಾಡುವವರಿಗೆ ಹೊರಗಿನ ಕೀಲಿಮಣೆಯೇ ನಿರಾಳ. ನಂಬರ್ ಪ್ಯಾಡ್ ಇದ್ದರೆ ಸ್ಕ್ರೀನ್ ರೀಡರಿನ ಆಜ್ಞೆಗಳೂ ಸುಲಭ.

ಫಲಕ ಆರಿಸುವುದು ಎಲ್ಲ ದೃಷ್ಟಿದೋಷದವರಿಗೂ ಹೊಂದುವ ಮದ್ದಲ್ಲ. ಮಂದದೃಷ್ಟಿಯವರು ಪರದೆಯನ್ನು ಹಿಗ್ಗಿಸಿ ನೋಡುವಾಗ ಕಾಣುವ ಭಾಗವನ್ನು ಸರಿಸಲು ಪಾಯಿಂಟರನ್ನೇ ಅವಲಂಬಿಸಿರುತ್ತಾರೆ. ಎನ್‌ವಿಡಿಎ ಬಳಕೆದಾರರಿಗೂ ಒಮ್ಮೊಮ್ಮೆ ಪಾಯಿಂಟರ್ ಬೇಕಾಗುತ್ತದೆ, ಕೀಲಿಗೆ ಬಗ್ಗದ ತಂತ್ರಾಂಶಗಳು ಇನ್ನೂ ಇವೆ. ಅದಕ್ಕೆ ಫಲಕವೇ ಬೇಕೆಂದಿಲ್ಲ. ಪಾಯಿಂಟರನ್ನು ಬೇಕಾದ ಜಾಗಕ್ಕೆ ಕರೆದೊಯ್ದು ಕ್ಲಿಕ್ ಮಾಡಿಸುವ ಕೀಲಿಗಳು ಎನ್‌ವಿಡಿಎಯಲ್ಲೇ ಇವೆ. ಜಾಲತಾಣ ಕಟ್ಟುವವರ ಪಾಲೂ ಇದರಲ್ಲಿದೆ: ಜಾಲತಾಣಗಳು ಎಲ್ಲರ ಬಳಕೆಗೂ ಒದಗಬೇಕೆನ್ನುವ 2018ರ ಡಬ್ಲ್ಯೂಸಿಎಜಿ 2.1 ಮಾನದಂಡ, ಬೆರಳು ತಾಗಿದೊಡನೆ ಅಲ್ಲ, ಎತ್ತಿದಾಗ ಕೆಲಸ ನಡೆಯಲಿ, ನಡುವೆ ಹಿಂತೆಗೆಯಲು ಅವಕಾಶವಿರಲಿ ಎಂದು ಕೇಳುತ್ತದೆ.

ಬೆಂಗಳೂರಿನ ಮಿತ್ರಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳಲ್ಲಿ ದೃಷ್ಟಿದೋಷವುಳ್ಳವರಿಗೆ ಕಂಪ್ಯೂಟರ್ ತರಬೇತಿ ನಡೆಯುತ್ತದೆ. ಎನ್‌ವಿಡಿಎಯೊಡನೆ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಕಲಿತು ಆಮೇಲೆ ಮೊದಲ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈ ಫಲಕ ಹೊಸ ಪರಿಚಯ. ಅಂಥವರು ಅಂಗಡಿಯಲ್ಲಿ ಹಣ ಕೊಡುವ ಮುನ್ನವೇ ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ಆದ ನರೇಟರ್ ಹೊತ್ತಿಸಿ, ಟಚ್‌ಪ್ಯಾಡ್ ಪುಟದಲ್ಲಿ ಆರಿಸುವ ಸ್ವಿಚ್ ಇದೆಯೇ, ಎಫ್ಎನ್ ಕೀಲಿ ಒತ್ತಿದಾಗ ಯಂತ್ರ ಬಾಯಿ ಬಿಡುತ್ತದೆಯೇ ಎಂದು ತಾವೇ ಕೇಳಿ ನೋಡಲಿ.